ಗ್ಯಾರೇಜಿಗೊಂದು ಕಾಗದ: ಮಿಲಿಟರಿ ಲಾರಿ ಬೇಕಾ? ಮೊದಲು ಟರ್ಪಾಲು ಎತ್ತಿ ನೋಡಿ

ಕಳೆದ ಸಂಚಿಕೆಯಲ್ಲಿ ಹಳೇ ಜೋಂಗಾ, ಅಂದರೆ ಸೇನೆಯ ಜೀಪಿನಂಥ ಗಾಡಿಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ, ಅಷ್ಟೇ. ಅದಕ್ಕೆ ಬಂದ ಕಾಗದ, ಮೆಸೇಜು ನೋಡಿದರೆ ಮಂಗಳೂರು, ಉಡುಪಿ ಕಡೆ ಮಿಲಿಟರಿ ಗಾಡಿಯ ಹುಚ್ಚು ಹಿಡಿದವರು ಇಷ್ಟು ಜನ ಇದ್ದಾರಾ ಅಂತ ನನಗೇ ಆಶ್ಚರ್ಯ ಮಾರಾಯ್ರೆ. ಎಲ್ಲರಿಗೂ ಉತ್ತರ ಕೊಡಲು ಜಾಗ ಇಲ್ಲ. ಐದು ಪ್ರಶ್ನೆ ಆರಿಸಿದ್ದೇನೆ. ಹೆಸರು ಹಾಕುವುದಿಲ್ಲ, ಊರು ಮಾತ್ರ.

ಪ್ರಶ್ನೆ: ನಮ್ಮ ಪಕ್ಕದ ಮನೆಯ ಹಿತ್ತಿಲಲ್ಲಿ ಎರಡನೇ ಮಹಾಯುದ್ಧದ ಕಾಲದ ಡಾಡ್ಜ್ ಲಾರಿ ಉಂಟು. ಆ ಮನೆಯ ಅಜ್ಜಿಯ ಯಜಮಾನರು ಘಟ್ಟದ ಕೂಪಿನಿಂದ ಮರ ಎಳೆಯಲು ತಂದದ್ದಂತೆ. ಈಗ ಅಜ್ಜಿ ಒಬ್ಬರೇ. ಗುಜರಿಯವನು ಕಿಲೋ ಲೆಕ್ಕದಲ್ಲಿ ಕೇಳಿ ಹೋಗಿದ್ದಾನೆ. ನಾನು ಅವನಿಗಿಂತ ಐದು ಸಾವಿರ ಜಾಸ್ತಿ ಕೊಟ್ಟರೆ ನ್ಯಾಯ ಅಲ್ವಾ ಅಣ್ಣ? (ಕಾರ್ಕಳ)

ಅಲ್ಲ. ಗುಜರಿಯವನು ತೂಗುವುದು ಕಬ್ಬಿಣವನ್ನು. ನೀವು ಆಸೆಪಡುತ್ತಿರುವುದು ಲಾರಿಗೆ. ಎರಡಕ್ಕೂ ಒಂದೇ ತಕ್ಕಡಿ ಹಿಡಿದು, ಮೇಲೆ ಐದು ಸಾವಿರ ಇಟ್ಟು, ನ್ಯಾಯ ಆಯ್ತು ಅಂತ ನನ್ನಿಂದ ಹೇಳಿಸಿಕೊಳ್ಳಲು ಬಂದಿದ್ದೀರಿ!

ಅಜ್ಜಿಗೆ ಅದರ ಬೆಲೆ ಗೊತ್ತಿಲ್ಲ, ನಿಮಗೆ ಗೊತ್ತು. ಹಾಗಾದರೆ ಹೇಳಬೇಕಾದವರು ನೀವೇ. ಅಜ್ಜಿಯ ಮಕ್ಕಳು ಬೊಂಬಾಯಿಯಲ್ಲೋ ದುಬೈಯಲ್ಲೋ ಇದ್ದರೆ ಅವರಿಗೆ ಒಂದು ಫೋನ್ ಮಾಡಿ. ಇಂಥ ಗಾಡಿ, ಇಂಥ ಕಡೆ ಇಷ್ಟಕ್ಕೆ ಹೋಗುತ್ತದೆ, ನನ್ನ ಕೈಯಲ್ಲಿ ಇಷ್ಟು ಆಗುತ್ತದೆ ಅಂತ ನೇರವಾಗಿ ಹೇಳಿ. ಆಮೇಲೂ ನಿಮಗೇ ಕೊಟ್ಟರೆ ತಗೊಳ್ಳಿ. ಕೊಡದಿದ್ದರೆ ಬಿಡಿ. ಇನ್ನೊಬ್ಬ ತಗೊಂಡರೂ ಲಾರಿ ಉಳಿಯಿತಲ್ಲ.

ದುಡ್ಡು ಕೊಡುವ ಮೊದಲು ಇನ್ನೊಂದು ಕೆಲಸ ಉಂಟು. ಅಜ್ಜಿಯ ಹತ್ತಿರ ಒಂದು ಸಂಜೆ ಕೂತುಕೊಳ್ಳಿ. ಲಾರಿ ಯಾವಾಗ ಬಂತು, ಯಾರು ಓಡಿಸುತ್ತಿದ್ದರು, ಎಲ್ಲಿ ಮಗುಚಿತು, ಎಲ್ಲ ಕೇಳಿ ಬರೆದುಕೊಳ್ಳಿ. ಟ್ರಂಕಿನಲ್ಲಿ ಹಳೇ ಪರ್ಮಿಟ್ಟು, ತೆರಿಗೆ ರಶೀದಿ ಇದ್ದರೂ ಇರಬಹುದು. 1956ರವರೆಗೆ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು, ಹಾಗಾಗಿ ಆ ಕಾಲದ ಕಾಗದದಲ್ಲಿ ಮದ್ರಾಸ್ ಅಂತ ಕಂಡರೆ ಇದು ಬೇರೆ ಕಡೆಯದ್ದು ಅಂದುಕೊಂಡು ಬಿಸಾಡಬೇಡಿ. ಲಾರಿಯ ಜೊತೆ ಆ ಕಾಗದವೂ ಬರಬೇಕು. ಮೂಲ ಕಾಗದ ಮನೆಯಲ್ಲೇ ಇರಲಿ ಅಂತ ಅಜ್ಜಿ ಹೇಳಿದರೆ ಜೆರಾಕ್ಸ್ ಮಾಡಿಸಿಕೊಳ್ಳಿ.

ಇನ್ನು ಚಕ್ರದ ವಿಷಯ. ಇದನ್ನು ದಯವಿಟ್ಟು ಎರಡು ಸಲ ಓದಿ. ನೀವು ಕಳಿಸಿದ ಫೋಟೋ ನೋಡಿದರೆ ಅದು ಮುಕ್ಕಾಲು ಟನ್ನಿನ ವೆಪನ್ಸ್ ಕ್ಯಾರಿಯರ್ (ಆಯುಧ ಸಾಗಿಸುವ ಲಾರಿ) ಹಾಗೆ ಕಾಣುತ್ತದೆ, 9.00-16 ಟಯರಿನದ್ದು. ಅದರ ರಿಮ್ ಎರಡು ತುಂಡು. ಎರಡನ್ನೂ ಸೇರಿಸಿ ಬೋಲ್ಟ್ ಹಾಕಿರುತ್ತಾರೆ. ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿದರೆ ನಟ್ಟುಗಳ ಎರಡು ಸುತ್ತು ಕಾಣುತ್ತದೆ. ಒಳಗಿನ ಸುತ್ತು ಚಕ್ರವನ್ನು ಹಬ್ಬಿಗೆ ಹಿಡಿದಿರುವುದು. ಹೊರಗಿನ ಸುತ್ತು ರಿಮ್ಮಿನ ಎರಡು ತುಂಡನ್ನು ಹಿಡಿದಿರುವುದು. ಟಯರಿನಲ್ಲಿ ಗಾಳಿ ಇರುವಾಗ ಹೊರಗಿನ ನಟ್ಟಿಗೆ ಸ್ಪ್ಯಾನರ್ ಹಾಕಿದರೆ ರಿಮ್ ಬಾಂಬಿನ ಹಾಗೆ ಸಿಡಿಯುತ್ತದೆ, ಎದುರು ಕೂತವರ ತಲೆ ಉಳಿಯುವುದಿಲ್ಲ. ಟಯರು ಚಪ್ಪಟೆಯಾಗಿ ಕಂಡರೂ ಮೊದಲು ವಾಲ್ವಿನ ಪಿನ್ನು ತೆಗೆದು ಪೂರ್ತಿ ಗಾಳಿ ಬಿಡಿ. ಆಮೇಲೆ ಉಳಿದ ಮಾತು.

ಪ್ರಶ್ನೆ: ಸೇನೆಯ ಹರಾಜಿನಲ್ಲಿ ಶಕ್ತಿಮಾನ್ ಲಾರಿ ಸಿಗುತ್ತದೆ ಅಂತ ಕೇಳಿದ್ದೇನೆ. ತಂದು ಕೆಎ-20 ನಂಬರ್ ಹಾಕಿಸಿ ಓಡಿಸಬಹುದಾ? (ಕಟಪಾಡಿ)

ಶಕ್ತಿಮಾನ್ ಅಂದ ಕೂಡಲೇ ನನಗೂ ಸ್ವಲ್ಪ ಮೈ ಜುಮ್ ಅನ್ನುತ್ತದೆ. ಜರ್ಮನಿಯ ಮಾನ್ ಕಂಪನಿಯ ಲೈಸೆನ್ಸಿನಲ್ಲಿ 1959ರಲ್ಲಿ ಜಬಲ್ಪುರದಲ್ಲಿ ತಯಾರಾಗಲು ಶುರುವಾದ ಲಾರಿ ಅದು. ಮೂತಿ ಮುಂದೆ ಚಾಚಿಕೊಂಡ ಆ ಗಾಡಿಗಳ ಸಾಲು ಹೆದ್ದಾರಿಯಲ್ಲಿ ಹೋಗುವಾಗ ಶಾಲೆ ಮಕ್ಕಳೆಲ್ಲ ನಿಂತು ಕೈ ಬೀಸುತ್ತಿದ್ದೆವು.

ಸರಿ, ಹರಾಜು. ಸರ್ಕಾರದ ಎಂಎಸ್‌ಟಿಸಿ ಕಂಪನಿ ಆನ್‌ಲೈನ್ ಹರಾಜು ನಡೆಸುತ್ತದೆ. ಸೇನೆಯ ಹಳೇ ಮಾಲೂ ಅದರಲ್ಲಿ ಬರುತ್ತದೆ. ಹೇಗಿದೆಯೋ ಹಾಗೆ, ಎಲ್ಲಿದೆಯೋ ಅಲ್ಲಿಂದ ನೀವೇ ಎತ್ತಿಕೊಂಡು ಹೋಗಬೇಕು. ಎಷ್ಟೋ ಸಲ ಒಂದೊಂದೇ ಗಾಡಿ ಸಿಗುವುದಿಲ್ಲ, ಲಾಟು ಲೆಕ್ಕ. ಒಂದು ಲಾರಿಯ ಆಸೆಗೆ ನಾಲ್ಕು ಎತ್ತಿಕೊಂಡು ಬಂದು ಉಳಿದ ಮೂರನ್ನು ಕಂಡವರಿಗೆ ಕತ್ತರಿಸಿ ಮಾರಿದವರು ಇದ್ದಾರೆ.

ಅದಕ್ಕೇ ಬಿಡ್ ಹಾಕುವ ಮೊದಲು ಷರತ್ತು ಓದಿ. ಗಾಡಿ ಅಂತ ಮಾರುತ್ತಿದ್ದಾರಾ, ಗುಜರಿ ಅಂತ ಮಾರುತ್ತಿದ್ದಾರಾ? ಗುಜರಿ ಅಂತ ಬರೆದಿದ್ದರೆ ಅದು ರಸ್ತೆಗೆ ವಾಪಸ್ ಬರಲಿಕ್ಕಿಲ್ಲ, ಮುಗೀತು. ಶೆಡ್ಡಿನಲ್ಲಿ ಇಟ್ಟುಕೊಳ್ಳಬಹುದಾ ಅಂತಲೂ ಷರತ್ತು ನೋಡಿಯೇ ಹೇಳಬೇಕು. ಗಾಡಿ ಅಂತಲೇ ಮಾರಿದರೆ ಸೇಲ್ ಲೆಟರ್ ಜೋಪಾನ ಮಾಡಿ. ಸೇನೆಯಲ್ಲಿ ಇರುವವರೆಗೆ ಗಾಡಿಗೆ ಅವರದ್ದೇ ನೋಂದಣಿ. ಸೇನೆಯ ಕೈ ಬಿಟ್ಟ ಮೇಲೆ ನಮ್ಮ ನಿಮ್ಮ ಗಾಡಿಯ ಹಾಗೇ ಆರ್‌ಟಿಒಗೆ ಹೋಗಬೇಕು ಅಂತ ಮೋಟಾರು ವಾಹನ ಕಾಯ್ದೆಯ 60ನೇ ಸೆಕ್ಷನ್ ಹೇಳುತ್ತದೆ.

ಹಾಗಾದರೆ ವಿಂಟೇಜ್ ಅಂತ ಮಾಡಿಸಿದರೆ? ಇದನ್ನು ಇನ್ನೂ ಮೂರು ಜನ ಕೇಳಿದ್ದೀರಿ. 2021ರಲ್ಲಿ ಆ ನಿಯಮ ಬಂತು, ನಿಜ. ಗಾಡಿಗೆ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಇಂಜಿನ್ ದೊಡ್ಡ ಬದಲಾವಣೆ ಆಗದೆ ಉಳಿದಿರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ, ನಂಬರಿನ ಮಧ್ಯೆ ವಿಎ ಅಂತ ಅಕ್ಷರ. ಪ್ರದರ್ಶನ, ರ‍್ಯಾಲಿ, ರಿಪೇರಿ, ಎಣ್ಣೆ ಹಾಕಿಸಲು, ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು. ಆದರೆ ಆ ನಿಯಮ ಇರುವುದು ಬೈಕಿಗೆ ಮತ್ತು ಕಾರಿನ ವರ್ಗದ ಗಾಡಿಗೆ. ಸಾಮಾನು ಹೊರುವ ಲಾರಿ ಅದರೊಳಗೆ ಬರುವುದಿಲ್ಲ. ಜೀಪಿಗೆ ಸಿಗುವ ಮರ್ಯಾದೆ ಲಾರಿಗಿಲ್ಲ ನೋಡಿ. ನನಗೆ ಇದು ತಪ್ಪು ಅಂತಲೇ ಕಾಣುತ್ತದೆ. ಆದರೆ ಅದಕ್ಕೆ ದಾರಿ ಅಂತ ಬೇರೆ ಲಾರಿಯ ಆರ್‌ಸಿ ಹಿಡಿದು ಇದಕ್ಕೆ ಚಾಸಿ ನಂಬರ್ ಪಂಚ್ ಮಾಡಿಸುತ್ತಾರಲ್ಲ, ಅವರು ನನ್ನ ಗ್ಯಾರೇಜಿನ ಕಡೆ ಬರುವುದೇ ಬೇಡ. ಅದು ಕಳ್ಳಗಾಡಿ ಮಾಡುವ ಕೆಲಸ. ಲಾರಿಯ ಗುರುತೂ ಅಲ್ಲಿಗೆ ಸತ್ತ ಹಾಗೆ.

ಪ್ರಶ್ನೆ: ನನ್ನ ಹಳೇ ಮಿಲಿಟರಿ ಜೀಪಿಗೆ ಒರಿಜಿನಲ್ ಹಸಿರು ಬಣ್ಣ, ಬಾಣದ ಗುರುತಿನ ನಂಬರ್ ಎಲ್ಲ ಹಾಕಿಸಬೇಕು. ಡ್ರೆಸ್ಸೂ ಹೊಲಿಸಿದ್ದೇನೆ. (ಸುರತ್ಕಲ್)

ಡ್ರೆಸ್ಸು ಕಪಾಟಿನಲ್ಲಿಡಿ. ಸೈನಿಕ ಅಂತ ಜನ ನಂಬುವ ಹಾಗೆ ಸೈನಿಕರ ಉಡುಪು ಹಾಕಿಕೊಂಡು ತಿರುಗುವುದು ಅಪರಾಧ. ಬಣ್ಣದ್ದೂ ಅದೇ ಕತೆ. ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ರಕ್ಷಣಾ ಇಲಾಖೆಯ ಗಾಡಿ ಬಿಟ್ಟು ಬೇರೆ ಯಾವುದಕ್ಕೂ ಆಲಿವ್ ಗ್ರೀನ್ ಬಳಿಯುವಂತಿಲ್ಲ. ಟ್ರ್ಯಾಕ್ಟರಿಗೂ ಇಲ್ಲ! ಬೇರೆ ಬಣ್ಣ ಆರಿಸಿ, ಅದನ್ನು ಆರ್‌ಸಿಯಲ್ಲಿ ಬರೆಸಿ.

ಆದರೆ ಬಣ್ಣ ಉಜ್ಜುವ ಮೊದಲು ಒಂದು ಮಾತು. ಬಾನೆಟ್ಟಿನ ಬದಿ, ಹಿಂದಿನ ಬಾಗಿಲು, ಬಂಪರಿನ ಮೂಲೆ, ಇಲ್ಲೆಲ್ಲ 400 ನಂಬರಿನ ಉಜ್ಜು ಕಾಗದ ನೀರಲ್ಲಿ ಅದ್ದಿ ಬೆರಳಲ್ಲೇ ಮೆಲ್ಲ ಉಜ್ಜಿ. ಮೇಲಿನ ನೀಲಿಯೋ ಕೆಂಪೋ ಹೋಗಿ ಹಸಿರು ಬರುತ್ತದೆ. ಹಸಿರಿನ ಮೇಲೆ ಕೆಲವೊಮ್ಮೆ ಬಿಳಿ, ಹಳದಿ ಅಕ್ಷರದ ಚೂರು ಕಾಣುತ್ತದೆ. ಕಂಡರೆ ನಿಲ್ಲಿಸಿ, ಫೋಟೋ ತೆಗೆಯಿರಿ, ಅಳತೆ ಬರೆದಿಡಿ. ನಮ್ಮ ಸೇನೆಯ ನಂಬರಿನಲ್ಲಿ ಮೇಲ್ಮುಖದ ಬಾಣದ ನಂತರ ಬರುವ ಎರಡು ಅಂಕಿ ಗಾಡಿ ಸೇನೆಗೆ ಬಂದ ವರ್ಷ. ಆ ಎರಡು ಅಂಕಿ ಸಿಕ್ಕರೆ ನಿಮ್ಮ ಜೀಪಿನ ಜಾತಕವೇ ಸಿಕ್ಕ ಹಾಗೆ. ಆದರೆ ಆ ನಂಬರು ಬರೆದುಕೊಂಡು ರಸ್ತೆಗೆ ಇಳಿಯಬೇಡಿ. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ.

ಕಾಗದ ನೀರಲ್ಲಿ ಅದ್ದಿ ಉಜ್ಜಿ ಅಂದದ್ದಕ್ಕೆ ಕಾರಣ ಉಂಟು. ಹಳೇ ಬಣ್ಣದಲ್ಲಿ ಸೀಸ ಇರುತ್ತದೆ, ಧೂಳು ಎದೆಗೆ ಹೋಗುತ್ತದೆ. ಬ್ರೇಕ್ ಲೈನಿಂಗಿನಲ್ಲಿ ಆಸ್ಬೆಸ್ಟಾಸ್. ಡ್ರಮ್ ಬಿಚ್ಚಿ ಕಂಪ್ರೆಸರಿನ ಗಾಳಿ ಹೊಡೆಯುವ ಹುಡುಗರಿಗೆ ನಾನು ಬೈದು ಬೈದು ಸಾಕಾಗಿದೆ.

ಪ್ರಶ್ನೆ: ಸೋಮೇಶ್ವರದ ಕಾಡಿನ ತೋಡಿನಲ್ಲಿ ಒಂದು ಹಳೇ ಲಾರಿ ಬಿದ್ದಿದೆ. ಯಾರದ್ದೂ ಅಲ್ಲ. ನಾವು ನಾಲ್ಕು ಜನ ವಿಂಚ್ ಹಾಕಿ ರಾತ್ರಿ ಎಳೆಯುವ ಅಂತ. ನಿಮ್ಮ ಸಲಹೆ? (ಹೆಬ್ರಿ)

ರಾತ್ರಿ ಯಾಕೆ? ನಿಮ್ಮ ಮನಸ್ಸಿಗೇ ಉತ್ತರ ಗೊತ್ತುಂಟು.

ಸೋಮೇಶ್ವರ 1974ರಿಂದ ಅಭಯಾರಣ್ಯ. ಅಲ್ಲಿಂದ ಒಣ ಕಟ್ಟಿಗೆ ತರಲೂ ಅನುಮತಿ ಬೇಕು, ಲಾರಿ ಬಿಡಿ. ಯಾರದ್ದೂ ಅಲ್ಲ ಅನ್ನುವ ಮಾತಂತೂ ಬೇಡ. ವಿಂಚಿನ ರೋಪನ್ನು ಯಾವ ಮರಕ್ಕೆ ಸುತ್ತುತ್ತೀರಿ? ತೊಗಟೆ ಸುಲಿದು ಹೋಗುತ್ತದೆ. ತೋಡಿನ ದಂಡೆ ಜರಿದರೆ ಮುಂದಿನ ಆಟಿಯ ಮಳೆಗೆ ಅರ್ಧ ಗುಡ್ಡ ಕೆಳಗೆ ಬರುತ್ತದೆ. ಲಾರಿಯ ಒಳಗೆ ಹಳೇ ಎಣ್ಣೆ ಉಳಿದಿದ್ದರೆ ಅದು ನೀರಿಗೆ.

ಅರಣ್ಯ ಇಲಾಖೆಗೆ ಒಂದು ಅರ್ಜಿ ಬರೆಯಿರಿ. ಜೊತೆಗೆ ಹಗಲಲ್ಲಿ, ದಾರಿಯ ಮೇಲಿಂದಲೇ ತೆಗೆದ ಫೋಟೋ ಇರಲಿ. ಅವರು ಬೇಡ ಅಂದರೆ ಅದು ಅಲ್ಲೇ ಇರಲಿ. ಇಷ್ಟು ವರ್ಷದಲ್ಲಿ ಚಾಸಿ ಹಪ್ಪಳ ಆಗಿರುತ್ತದೆ, ಎಳೆದರೆ ನಿಮ್ಮ ಕೈಗೆ ಬರುವುದು ಅರ್ಧ ಬಂಪರು.

ಪ್ರಶ್ನೆ: ನನ್ನ ಹತ್ತಿರ ಜೋಂಗಾ ಉಂಟು, ಇಂಜಿನ್ ಕೆಟ್ಟಿದೆ. ಒಂದು ಕಡೆ ಪೂರ್ತಿ ಇರುವ ನಿಸ್ಸಾನ್ ವನ್ ಟನ್ನರ್ (ಒಂದು ಟನ್ನಿನ ಮಿಲಿಟರಿ ಲಾರಿ) ಮಾರಾಟಕ್ಕೆ ಬಂದಿದೆ. ಅದರ ಇಂಜಿನ್ ಕೂರುತ್ತದಾ? ಉಳಿದದ್ದು ಗುಜರಿಗೆ ಹಾಕಿದರೆ ಅರ್ಧ ದುಡ್ಡು ವಾಪಸ್. (ಬಜ್ಪೆ)

ಕೂರುತ್ತದೆ. ಅದೇ ತೊಂದರೆ. ಎರಡರಲ್ಲೂ ಅದೇ ಆರು ಸಿಲಿಂಡರಿನ 3956 ಸಿಸಿ ಪೆಟ್ರೋಲ್ ಇಂಜಿನ್. ಅದಕ್ಕೇ ದೇಶದ ತುಂಬ ವನ್ ಟನ್ನರುಗಳು ಜೋಂಗಾಗಳ ಹೊಟ್ಟೆಗೆ ಹೋಗುತ್ತಿವೆ. ಜೋಂಗಾ ಚಂದ, ಮದುವೆ ದಿಬ್ಬಣಕ್ಕೂ ಆಗುತ್ತದೆ, ಜನ ಸೆಲ್ಫಿ ತೆಗೆಯುತ್ತಾರೆ. ವನ್ ಟನ್ನರ್ ಪಾಪದ್ದು. ರೇಷನ್, ನೀರು, ಜನ ಅಂತ ಹೊತ್ತು ಹೊತ್ತು ಸವೆದದ್ದು. ಅದನ್ನು ಮನೆಯಲ್ಲಿ ನಿಲ್ಲಿಸಲು ಜಾಗವೂ ಬೇಕು, ಕುಡಿಯುವ ಪೆಟ್ರೋಲಿಗೆ ಲೆಕ್ಕವೂ ಇಲ್ಲ. ಹಾಗಾಗಿ ಯಾರಿಗೂ ಬೇಡ.

ನಾನೂ ಇದನ್ನೇ ಮಾಡಿದವ. ಸುಮಾರು ಇಪ್ಪತ್ತು ವರ್ಷದ ಹಿಂದೆ ಬಂದರಿನ ಒಂದು ಗುಜರಿ ಅಂಗಡಿಯಲ್ಲಿ ವನ್ ಟನ್ನರ್ ಸಿಕ್ಕಿತು. ಟರ್ಪಾಲಿನ ಕಮಾನುಗಳೂ ಸರಿ ಇದ್ದವು. ಹಿಂದಿನ ಬಾಗಿಲಿನ ಕೊಂಡಿಗೆ ಯಾವನೋ ಸೈನಿಕ ಹಗ್ಗದಲ್ಲಿ ಹೆಣೆದ ಹಿಡಿ ಹಾಗೇ ಇತ್ತು. ಬ್ಯಾಟರಿ ಹಾಕಿ, ಕಾರ್ಬೊರೇಟರ್ ತೊಳೆದು ಸೆಲ್ಫ್ ಹೊಡೆದರೆ ಮೂರನೇ ಸಲಕ್ಕೆ ಶುರು ಆಯಿತು. ಇಂಜಿನ್ ಚೆನ್ನಾಗಿದೆ ಅಂತ ಖುಷಿ ಪಟ್ಟದ್ದು ನಾನು, ಅದೇ ಮಧ್ಯಾಹ್ನ ಚೈನ್ ಬ್ಲಾಕ್ ಹಾಕಿ ಎತ್ತಿಸಿದ್ದೂ ನಾನೇ. ಗಿರಾಕಿಯ ಜೋಂಗಾಕ್ಕೆ ಬೇಕಿತ್ತು. ಸಂಜೆಗೆ ಗ್ಯಾಸ್ ಕಟ್ಟರಿನವನು ಬಂದ. ಆ ಜೋಂಗಾದ ಕತೆ ಕೇಳಿ ಈಗ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗಿರಾಕಿಗೆ ಪೆಟ್ರೋಲ್ ಜಾಸ್ತಿ ಅಂತ ಕಂಡು ಆ ಇಂಜಿನನ್ನೂ ತೆಗೆದು ಡೀಸೆಲ್ ಹಾಕಿಸಿದ.

ಹಾಗಾಗಿ ನನ್ನ ಲೆಕ್ಕ ಈಗ ಬೇರೆ. ಒಂದು ಗಾಡಿ ಪೂರ್ತಿ ಇದ್ದು, ಚಾಸಿ ನಂಬರ್ ಓದಲು ಬಂದು, ಇಂಜಿನ್ ತಿರುಗುತ್ತಿದ್ದರೆ ಅದಕ್ಕೆ ಸ್ಪ್ಯಾನರ್ ಮುಟ್ಟಿಸುವುದಿಲ್ಲ. ಚಾಸಿ ಮುರಿದದ್ದು, ಸುಟ್ಟದ್ದು, ಆಗಲೇ ಅರ್ಧ ಹೋದದ್ದು ಇದ್ದರೆ ಅದರಿಂದ ಬಿಡಿಭಾಗ ತೆಗೆಯಬಹುದು. ಆಗಲೂ ತೆಗೆದ ಪ್ರತಿ ಭಾಗಕ್ಕೆ ಒಂದು ಚೀಟಿ ಕಟ್ಟಿ, ಯಾವ ಗಾಡಿಯದ್ದು ಅಂತ ಬರೆಯಿರಿ. ಎಣ್ಣೆಯನ್ನು ಕ್ಯಾನಿಗೆ ಇಳಿಸಿ ಹಳೇ ಎಣ್ಣೆ ತಗೊಳ್ಳುವ ಲೈಸೆನ್ಸಿನವರಿಗೆ ಕೊಡಿ. ತುಕ್ಕು ಬಾರದ ಹಾಗೆ ಅಂತ ಕರಿ ಆಯಿಲನ್ನು ಚಾಸಿಗೆ ಎರಚುತ್ತಾರಲ್ಲ, ಅದು ನಮ್ಮ ಮಳೆಗೆ ತೊಳೆದು ಹೋಗಿ ಮನೆಯ ಬಾವಿಗೇ ಇಳಿಯುತ್ತದೆ. ಉಪ್ಪು ಗಾಳಿಗೆ ಬೇಕಾದದ್ದು ಸಿಹಿನೀರಿನ ತೊಳೆತ, ಒಣಗಿದ ಮೇಲೆ ರೆಡ್ ಆಕ್ಸೈಡು, ತಲೆ ಮೇಲೊಂದು ಮಾಡು.

ನಿಮ್ಮ ಇಂಜಿನಿಗೆ ಏನಾಗಿದೆ ಅಂತ ನೀವು ಬರೆದಿಲ್ಲ. ಬೋರ್, ಅಂದರೆ ಸಿಲಿಂಡರಿನ ಒಳಗೋಡೆ ಸವೆದಿದ್ದರೆ ಒಳಗೆ ಹೊಸ ಕೊಳವೆ (ಸ್ಲೀವ್) ಹಾಕಿಸಬಹುದು, ಬೈಕಂಪಾಡಿ ಕಡೆ ಆ ಕೆಲಸ ಮಾಡುವ ಲೇತಿನವರು ಈಗಲೂ ಇದ್ದಾರೆ. ಇಂಜಿನಿಗೆ ಪೆಟ್ರೋಲ್ ಎಳೆಯುವ ಪಂಪು ಹೋಗಿದ್ದರೆ ಈಗಿನ ಎಥನಾಲ್ ಬೆರೆಸಿದ ಪೆಟ್ರೋಲಿಗೆ ಅದರೊಳಗಿನ ಹಳೇ ಡಯಾಫ್ರಾಮು (ತೆಳು ಪೊರೆ) ತಿಂದು ಹೋಗಿರಲೂಬಹುದು, ಅಷ್ಟಕ್ಕೆ ಇಂಜಿನ್ ಬದಲಿಸುವುದು ಬೇಡ. ಪಂಪು ಒಂದು ನನ್ನ ಹತ್ತಿರ ಉಂಟು, ಆ ಬಂದರಿನ ವನ್ ಟನ್ನರಿನದ್ದು. ಹೊಸ ಡಯಾಫ್ರಾಮು ನೀವು ಹಾಕಿಸಿಕೊಳ್ಳಿ. ಪಂಪಿಗೆ ದುಡ್ಡು ಬೇಡ. ಬರುವಾಗ ಆ ಮಾರಾಟಕ್ಕಿರುವ ಲಾರಿಯವರ ಫೋನ್ ನಂಬರ್ ಹಿಡಿದುಕೊಂಡು ಬನ್ನಿ.