ಡೆಸ್ಕ್‌ನಲ್ಲಿ ಕೂರಿಸಿದ್ದಾರೆ ಅಂತ ಬೇಜಾರಾ?

ನೀವು ಕೇಳಿರುವುದು ಇಷ್ಟು: ಹಾಸನದಲ್ಲಿ ಪತ್ರಿಕೋದ್ಯಮ ಓದುತ್ತಿದ್ದೀರಿ, ಲೋಕಲ್ ಪೇಪರ್ ಒಂದರಲ್ಲಿ ಇಂಟರ್ನ್‌ಶಿಪ್ ಸಿಕ್ಕಿದೆ. ಆದರೆ ವರದಿಗೆ ಕಳಿಸುವ ಬದಲು ಡೆಸ್ಕ್‌ನಲ್ಲಿ ಕೂರಿಸಿ ಪ್ರೆಸ್ ನೋಟ್ ತಿದ್ದಿಸುತ್ತಾರೆ. ಇದು ಟೈಮ್ ವೇಸ್ಟಾ?

ಅಲ್ಲ. ನಾನೂ ಹಾಸನದಲ್ಲೇ ಓದಿದವಳು, ದಿನಾ ಆಲೂರಿನಿಂದ ಬಸ್ಸಲ್ಲಿ ಬರುತ್ತಿದ್ದೆ. ಸಂಜೆ ಹೊತ್ತು ಒಂದು ಸಣ್ಣ ಪತ್ರಿಕೆಯಲ್ಲಿ ಎಂಟು ತಿಂಗಳು ಇದೇ ಕೆಲಸ ಮಾಡಿದೆ. ಮೊದಲ ತಿಂಗಳು ನನಗೂ ನಿಮ್ಮಷ್ಟೇ ಸಿಟ್ಟಿತ್ತು.

ಅದು ಇಳಿದದ್ದು ಒಂದು ಜುಲೈನಲ್ಲಿ. ಮೂಡಿಗೆರೆ, ಸಕಲೇಶಪುರದ ಕಡೆ ಮಳೆ ಹಿಡಿದುಕೊಂಡಿತ್ತು. ಹೇಮಾವತಿ ಮೈದುಂಬಿದ್ದಳು, ಗೊರೂರು ಡ್ಯಾಂ ಏರುತ್ತಿತ್ತು. ನೀರಿನ ಮಟ್ಟದ ಸುದ್ದಿ ಬರೆಯುವ ಭಾಗ್ಯ ನನಗೆ ಬಂತು. ಖುಷಿಯಲ್ಲಿ ಬರೆದೇಬಿಟ್ಟೆ: 'ಜಲಾಶಯಕ್ಕೆ 15 ಸಾವಿರ ಟಿಎಂಸಿ ನೀರು ಹರಿದುಬರುತ್ತಿದೆ.' ನಮ್ಮ ಉಪಸಂಪಾದಕರು ಪ್ರಿಂಟ್ ಕೈಗೆತ್ತಿಕೊಂಡು, ಕನ್ನಡಕ ಹಣೆಗೇರಿಸಿ, 'ಏನಮ್ಮ, ಗೊರೂರು ಡ್ಯಾಂ ತುಂಬಿ ತುಳುಕಿದ್ರೂ 37 ಟಿಎಂಸಿ. ನೀನು 15 ಸಾವಿರ ಬಿಟ್ಟಿದೀಯ. ಹಾಸನ ಉಳೀತದಾ?' ಅಂದರು. ಟೀ ತಂದ ಹುಡುಗನೂ ನಕ್ಕ.

ನಾನು ಬರೆಯಬೇಕಿದ್ದದ್ದು 15 ಸಾವಿರ ಕ್ಯೂಸೆಕ್. ಆಮೇಲೆ ಅದೇ ಪ್ರಿಂಟಿನ ಹಿಂದೆ ಲೆಕ್ಕ ಹಾಕಿಸಿದರು. ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಅದು ಒಂದು ಕ್ಯೂಸೆಕ್. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಕ್ಯೂಸೆಕ್ ಹರಿವಿನ ಅಳತೆ, ಟಿಎಂಸಿ ನಿಂತ ನೀರಿನ ಅಳತೆ. ದಿನಕ್ಕೆ 86,400 ಸೆಕೆಂಡು. ಭಾಗಿಸಿ ನೋಡಿದರೆ ಸುಮಾರು 11,574 ಕ್ಯೂಸೆಕ್ ದಿನವಿಡೀ ಹರಿದಾಗ ಒಂದು ಟಿಎಂಸಿ ಸೇರುತ್ತದೆ. ಮೂರು ವರ್ಷ ಪೇಪರಿನಲ್ಲಿ ಈ ಎರಡು ಪದ ಓದಿಕೊಂಡೇ ಬಂದಿದ್ದೆ, ಒಂದು ದಿನವೂ ಅರ್ಥ ಕೇಳಿರಲಿಲ್ಲ. ಡ್ಯಾಂನ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 2,922 ಅಡಿ ಅನ್ನುವುದು ಮಾತ್ರ ಕ್ಲಾಸಿನ ಹುಡುಗರಿಗೂ ಬಾಯಿಪಾಠ.

ಅವತ್ತು ನಾನೇ ವರದಿಗೆ ಹೋಗಿದ್ದರೂ ತಪ್ಪು ಅದೇ ಆಗುತ್ತಿತ್ತು. ಡೆಸ್ಕ್‌ನಲ್ಲಿ ಇದ್ದದ್ದಕ್ಕೆ ಅದನ್ನು ಹಿಡಿದವರ ಪಕ್ಕದಲ್ಲೇ ಕೂತು ನೋಡಿದೆ. ನಿಮಗೆ ಹೇಳಬೇಕೆಂದಿರುವುದು ಇದೇ.

ಇನ್ನು ಪ್ರೆಸ್ ನೋಟ್. ಬೋರು, ಒಪ್ಪಿದೆ. ಎಲ್ಲರೂ 'ಕರೆ ನೀಡುತ್ತಾರೆ', 'ಅಭಿಪ್ರಾಯಪಡುತ್ತಾರೆ', 'ನುಡಿಯುತ್ತಾರೆ'. ನಮ್ಮ ಜಿಲ್ಲೆಯಲ್ಲಿ ಯಾರೂ ಬರೀ 'ಹೇಳುವುದಿಲ್ಲ'. ಪತ್ರಿಕಾ ದಿನಾಚರಣೆಯ ವಾರ ಬಂದರಂತೂ ಪ್ರತಿ ಭಾಷಣವೂ 1843ರ ಜುಲೈ 1ರಿಂದಲೇ ಶುರು: ಹರ್ಮನ್ ಮೋಗ್ಲಿಂಗ್, ಮಂಗಳೂರು ಸಮಾಚಾರ, ಮೊದಲ ಕನ್ನಡ ಪತ್ರಿಕೆ. ಒಂದೇ ಸಂಜೆ ಐದು ಕಡೆ ಮೋಗ್ಲಿಂಗ್‌ರನ್ನು ಎತ್ತಿ ಪಕ್ಕಕ್ಕಿಟ್ಟೆ. ಆ ಪ್ಯಾರಾ ತೆಗೆದ ಮೇಲೆ ಐದರಲ್ಲಿ ಎರಡಕ್ಕೆ ಸುದ್ದಿಯೇ ಉಳಿಯಲಿಲ್ಲ! ಅಲ್ಲಿಂದ ಮುಂದೆ ನನ್ನ ಬರಹದಲ್ಲೂ ಮೊದಲ ಪ್ಯಾರಾ ಮುಚ್ಚಿ ಓದುವ ಅಭ್ಯಾಸ ಬಂತು. ಎಷ್ಟೋ ಸಲ ಎರಡನೇ ಪ್ಯಾರಾದಿಂದಲೇ ಚೆನ್ನಾಗಿರುತ್ತದೆ.

ಕೊನೆಯ 'ಉಪಸ್ಥಿತರಿದ್ದರು' ಸಾಲನ್ನು ಮಾತ್ರ ಸಲೀಸಾಗಿ ಹೊಡೆದುಹಾಕಬೇಡಿ. ಸಣ್ಣ ಊರಿನ ಪೇಪರನ್ನು ಅರ್ಧ ಜನ ಕೊಳ್ಳುವುದೇ ಆ ಸಾಲಿಗೆ. ಇನಿಷಿಯಲ್ ತಪ್ಪಾದರೆ ಬೆಳಿಗ್ಗೆ ಏಳಕ್ಕೇ ಫೋನ್ ಬರುತ್ತದೆ. ವಾಟ್ಸಾಪ್‌ನಲ್ಲಿ ಬಂದದ್ದನ್ನು ಪೇಜ್ ಮಾಡಲು 'ನುಡಿ' ಫಾಂಟ್‌ಗೆ ಕನ್ವರ್ಟ್ ಮಾಡಿದ ಮೇಲೆ ಹೆಸರುಗಳನ್ನು ಇನ್ನೊಮ್ಮೆ ನೋಡಿ. ರಾಜ್‌ಕುಮಾರ್ ಆಗಿ ಬಂದವರು ನಮ್ಮಲ್ಲಿ 'ರಾಜ್ಕುಮಾರ್' ಆಗಿ ಅಚ್ಚಾಗಿದ್ದುಂಟು.

'ಅಪಾರ' ಅನ್ನುವ ಪದದ ಮೇಲೂ ನಮ್ಮ ಉಪಸಂಪಾದಕರಿಗೆ ಕೆಂಡದಂಥ ಕೋಪ. ನಮ್ಮೂರ ಕಡೆ ಆನೆ ನುಗ್ಗಿದ ಸುದ್ದಿಗೆ 'ಅಪಾರ ಬೆಳೆ ನಾಶ' ಅಂತ ಹಾಕಿದ್ದೆ. 'ಎಷ್ಟು ಗುಂಟೆ? ಭತ್ತವಾ, ಬಾಳೆಯಾ? ಫೋನ್ ಮಾಡಿ ಕೇಳು' ಅಂದರು. ಕೇಳಿದೆ. ಹನ್ನೆರಡು ಗುಂಟೆ ಭತ್ತ. ಅಪಾರಕ್ಕಿಂತ ಹನ್ನೆರಡು ಗುಂಟೆ ನೋಯುತ್ತದೆ, ಬೇಸಾಯ ಮಾಡುವವರಿಗೆ ಕೇಳಿ.

ಆದರೂ ಬುದ್ಧಿ ಪೂರ್ತಿ ಬಂದಿರಲಿಲ್ಲ. ಒಂದು ರಾತ್ರಿ 'ನಿಧನ' ಕಾಲಂ ಒಂದು ಸಾಲು ಹೆಚ್ಚಾಗಿ ಕೆಳಗಿನ ಜಾಹೀರಾತಿನ ಮೇಲೆ ಇಳಿದಿತ್ತು. ಪೇಜ್ ಮಾಡುವವರು ಅವಸರ ಮಾಡುತ್ತಿದ್ದರು, ನನ್ನ ಕಣ್ಣು ಗಡಿಯಾರದ ಮೇಲೆ, ಆಲೂರಿನ ಬಸ್ ತಪ್ಪಿದರೆ ಅಪ್ಪ ಬೈಕಲ್ಲಿ ಬರಬೇಕು. 'ಪತ್ನಿ, ಇಬ್ಬರು ಪುತ್ರರು, ಓರ್ವ ಪುತ್ರಿ ಹಾಗೂ ಅಪಾರ ಬಂಧು-ಬಳಗವನ್ನು ಅಗಲಿದ್ದಾರೆ' ಅಂತಿತ್ತು. 'ಓರ್ವ ಪುತ್ರಿ' ತೆಗೆದೆ, ಸಾಲು ಕೂತಿತು. ಓಡಿ ಬಸ್ ಹಿಡಿದೆ.

ಮರುದಿನ ಸಂಜೆ ಬಂದ ಫೋನನ್ನು ನಾನೇ ಎತ್ತಿದೆ. ಹೆಂಗಸಿನ ದನಿ, ಜಗಳದ್ದಲ್ಲ. 'ಅಪ್ಪನ್ನ ಕೊನೇ ಆರು ವರ್ಷ ನೋಡ್ಕೊಂಡೋಳು ನಾನು. ನನ್ನ ಹೆಸರು ಹಾಕಿ ಅಂತ ಕೇಳ್ತಿಲ್ಲ ಕಣಮ್ಮ. ಒಬ್ಳು ಮಗಳಿದಾಳೆ ಅನ್ನೋಕೆ ಜಾಗ ಇರ್ಲಿಲ್ವಾ?'

ಜಾಗ ಇರಲಿಲ್ಲ ಅನ್ನುವುದು ನಿಜವೇ. ಆದರೆ ಅಪಾರ ಬಂಧು-ಬಳಗಕ್ಕೆ ಜಾಗ ಇತ್ತಲ್ಲ! ತಪ್ಪು ನನ್ನದೇ ಅಂತ ಒಪ್ಪಿಕೊಂಡೆ. ಮಾರನೇ ದಿನ ತಿದ್ದುಪಡಿ ಹಾಕಿದೆವು, ಎರಡೇ ಸಾಲು. ಪೇಪರ್ ತಗೊಂಡು ಹೋಗಲು ಆಕೆ ಆಫೀಸಿಗೇ ಬಂದರು. ನಾಲ್ಕು ಪ್ರತಿ ಕೇಳಿದರು, ದುಡ್ಡು ಬೇಡ ಅಂದರೂ ಎಣಿಸಿ ಮೇಜಿನ ಮೇಲಿಟ್ಟು ಹೋದರು.

ದುಡ್ಡಿನ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ನನಗೆ ಬಸ್ ಖರ್ಚು, ಟೀ ಬಿಟ್ಟರೆ ಏನೂ ಸಿಗಲಿಲ್ಲ. ಮುಂದೆಯೂ ಪುಕ್ಕಟೆ ದುಡಿಯಿರಿ ಅಂತ ಯಾರಾದರೂ ಅಂದರೆ ಅಷ್ಟಕ್ಕೇ ನಿಲ್ಲಿಸಿ. ಇಂಟರ್ನ್‌ಶಿಪ್ ಇರುವಷ್ಟು ದಿನ ಮಾತ್ರ ತಿದ್ದಿದ ಪ್ರತಿ ಪ್ರಿಂಟನ್ನೂ ಮನೆಗೆ ತಗೊಂಡು ಹೋಗಿ, ಮೂಲದ ಪಕ್ಕ ಇಟ್ಟು ನೋಡಿ. ವಾರಕ್ಕೊಂದು ಸುದ್ದಿ ನಾನೇ ಹೋಗಿ ತರುತ್ತೇನೆ ಅಂತ ಬಾಯಿಬಿಟ್ಟು ಕೇಳಿ, ಕೇಳದೆ ಯಾರೂ ಕಳಿಸುವುದಿಲ್ಲ. ನನ್ನನ್ನು ಕಳಿಸಿದ್ದು ಐದನೇ ತಿಂಗಳಲ್ಲಿ, ಎಪಿಎಂಸಿಗೆ, ಆಲೂಗೆಡ್ಡೆ ರೇಟ್ ಕೇಳಿಕೊಂಡು ಬಾ ಅಂತ. ಹೋಗುವ ಮುಂಚೆ ರೇಟು ಕ್ವಿಂಟಲ್‌ಗಾ, ಮೂಟೆಗಾ ಅಂತ ಕೇಳಿದೆ. ಉಪಸಂಪಾದಕರು ತಲೆ ಎತ್ತದೆ, 'ಸರಿ, ಹೊರಡು' ಅಂದರು.