ಸಂಪಾದಕರ ಉತ್ತರ: ಪರೇಲಿಗೆ ಹೋಗುವ ವರ

ಕ್ರಿಸ್ತನಲ್ಲಿ ಪ್ರಿಯ ಅಕ್ಕ, ವಂದನೆಗಳು.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಮುಂಬಯಿಯ ಕುರ್ಲಾದವರು ಅಂತ ಮಾತ್ರ ಹೇಳುತ್ತೇನೆ. ಉಳಿದ ಓದುಗರಿಗೆ ವಿಷಯ ಇಷ್ಟು: ಅಕ್ಕನ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಎರಡು ದಿನದ ಕೂಟ ನಡೆಯಿತು. ಅಲ್ಲಿ ‘ನಿಮ್ಮ ಆತ್ಮಿಕ ವರ ಯಾವುದು’, ಅಂದರೆ ಸೇವೆಗಾಗಿ ದೇವರ ಆತ್ಮ ನಿಮಗೆ ಕೊಟ್ಟ ಸಾಮರ್ಥ್ಯ ಯಾವುದು, ಅಂತ 125 ಪ್ರಶ್ನೆಗಳ ಫಾರ್ಮ್ ಕೊಟ್ಟರು. ಪ್ರತಿ ಪ್ರಶ್ನೆಗೆ ಸೊನ್ನೆಯಿಂದ ಮೂರರವರೆಗೆ ಅಂಕ. ಅಕ್ಕನಿಗೆ ಯಾವ ವರದಲ್ಲೂ 15ಕ್ಕೆ 6 ದಾಟಲಿಲ್ಲ. “ನನ್ನಲ್ಲಿ ಏನೂ ಇಲ್ಲ ಅಂತ ಈಗ ಲೆಕ್ಕವೇ ಸಿಕ್ಕಿತು” ಅಂತ ಬರೆದಿದ್ದಾರೆ. ಪತ್ರದ ಕೊನೆಗೆ ಇನ್ನೊಂದು ಸಾಲು ಇದೆ. ಯಾದಗಿರಿ ಕಡೆಯಿಂದ ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಬಂದ ಒಬ್ಬರ ಜೊತೆ ಬೆಳಿಗ್ಗೆ ಅಲ್ಲಿಗೆ ಹೋಗಬೇಕು, ಅವರಿಗೆ ಡಾಕ್ಟರ್ ಹೇಳಿದ್ದು ತಿಳಿಯುವುದಿಲ್ಲ, ಅದಕ್ಕೇ ಇಲ್ಲಿಗೆ ಮುಗಿಸುತ್ತೇನೆ ಅಂತ.

ಎಷ್ಟು ವರ್ಷದಿಂದ ಹೀಗೆ ಹೋಗುತ್ತಿದ್ದೀರಿ ಅಂತ ಫೋನ್ ಮಾಡಿ ಕೇಳಿದೆ. 11 ವರ್ಷ ಅಂದರು. ಪ್ರತಿ ಗುರುವಾರ.

ಅಕ್ಕ, ನಿಮ್ಮನ್ನು ಸ್ವಲ್ಪ ಬೈಯಬೇಕು ಅನಿಸುತ್ತಿದೆ. 11 ವರ್ಷದ ಗುರುವಾರಗಳನ್ನು ಬಿಟ್ಟು ಅರ್ಧ ಗಂಟೆಯ ಫಾರ್ಮನ್ನು ನಂಬಿದಿರಲ್ಲ!

ಫಾರ್ಮ್ ಕೊಟ್ಟವರ ಉದ್ದೇಶ ಕೆಟ್ಟದ್ದಲ್ಲ. 1970ರ ದಶಕದಲ್ಲಿ ಅಮೆರಿಕದ ಸಭೆಗಳಲ್ಲಿ ಇಂಥವು ಶುರುವಾದವು. ಎಲ್ಲ ಕೆಲಸವನ್ನೂ ಸಭಾಪಾಲಕರ ತಲೆಗೆ ಕಟ್ಟಿ ಹಿಂದಿನ ಬೆಂಚಿನಲ್ಲಿ ಕೂರುವವರು ಎದ್ದು ಬರಲಿ ಅನ್ನುವ ಆಸೆ ಅದರ ಹಿಂದಿತ್ತು. ಅಷ್ಟರ ಮಟ್ಟಿಗೆ ಒಳ್ಳೆಯದೇ.

ಆದರೆ ವರಗಳ ಪಟ್ಟಿಯನ್ನು ಬೈಬಲಿನಲ್ಲೇ ತೆಗೆದು ನೋಡಿ. ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ ಒಂದು, 1 ಕೊರಿಂಥ 12ರಲ್ಲಿ ಒಂದು, ಎಫೆಸ 4ರಲ್ಲಿ ಒಂದು, 1 ಪೇತ್ರ 4ರಲ್ಲಿ ಎರಡೇ ಮಾತು. ಒಂದು ಪಟ್ಟಿ ಇನ್ನೊಂದರ ಹಾಗಿಲ್ಲ. ಮೊದಲ ಮೂರು ಪತ್ರಗಳ ಅಪೊಸ್ತಲ ಪೌಲನೇ ಲೆಕ್ಕ ಮುಚ್ಚಲಿಲ್ಲ. ನಾವು ಯಾಕೆ ಮುಚ್ಚಬೇಕು?

ಗ್ರೀಸಿನ ಕೊರಿಂಥ ನಮ್ಮ ಮುಂಬಯಿಯ ಹಾಗೇ ವ್ಯಾಪಾರದ ಊರು. ಎರಡು ಕಡೆ ಎರಡು ಬಂದರು, ಎಲ್ಲೆಲ್ಲಿಂದಲೋ ಬಂದ ಜನ. ಅಲ್ಲಿನ ಸಭೆಯಲ್ಲಿ, ಆತ್ಮದ ಪ್ರೇರಣೆಯಿಂದ ಕಲಿಯದ ಅನ್ಯಭಾಷೆಗಳನ್ನಾಡುವವರೇ ದೊಡ್ಡವರು ಅನ್ನುವ ಗದ್ದಲ ಎದ್ದಿತ್ತು. ಕ್ರಿ.ಶ. 55ರ ಸುಮಾರಿಗೆ ಪೌಲ ಎಫೆಸದಿಂದ ಅವರಿಗೆ ಬರೆದ. 12ನೇ ಅಧ್ಯಾಯದ 28ನೇ ವಚನದಲ್ಲಿ ವರಗಳನ್ನು ಸಾಲಾಗಿ ಹೇಳುತ್ತಾ ಆ ಭಾಷೆಗಳನ್ನು ಕಟ್ಟಕಡೆಗೆ ಇಟ್ಟ. ಅದಕ್ಕೂ ಮುಂಚೆ ಇಟ್ಟದ್ದು ಯಾವುದನ್ನು ಗೊತ್ತಾ? ಸಹಾಯ ಮಾಡುವುದನ್ನು. ಅಲ್ಲಿರುವ ಗ್ರೀಕ್ ಮಾತಿನ ಬೇರಿನಲ್ಲಿ ‘ಹಿಡಿದುಕೊಳ್ಳುವುದು’ ಅನ್ನುವ ಅರ್ಥ ಇದೆ. ಬೀಳುವವರ ಕೈ ಹಿಡಿಯುವುದು. ಸ್ಲೋ ಲೋಕಲಿನಲ್ಲಿ ಜನರ ಮಧ್ಯೆ ರೋಗಿಯ ತೋಳು ಹಿಡಿದು, ಇನ್ನೊಂದು ಕೈಯಲ್ಲಿ ಅವರ ಫೈಲ್ ಹಿಡಿದು ಪರೇಲಿನಲ್ಲಿ ಇಳಿಸುತ್ತೀರಲ್ಲ, ಅದೇ. ಅದರ ಪಕ್ಕದ ವರ ನಿರ್ವಾಹ. ಆ ಮಾತು ಬಂದದ್ದು ಹಡಗಿನ ಚುಕ್ಕಾಣಿ ಹಿಡಿಯುವವನಿಂದ. ಕೇಸ್ ಪೇಪರ್ ಎಲ್ಲಿ, ರಕ್ತ ಪರೀಕ್ಷೆ ಎಲ್ಲಿ, ರಾತ್ರಿ ಮಲಗುವುದೆಲ್ಲಿ ಅಂತ ದಾರಿ ತೋರಿಸುವುದಕ್ಕೆ ಬೇರೆ ಏನು ಹೆಸರಿಡೋಣ?

ಇನ್ನೊಂದು ಮಾತು. ವರ ಯಾವುದು ಅಂತ ಒಬ್ಬರೇ ಮೂಲೆಯಲ್ಲಿ ಕೂತು ಕಂಡುಕೊಳ್ಳುವುದಲ್ಲ. ಅಪೊಸ್ತಲರ ಕೃತ್ಯಗಳಲ್ಲಿ ಕುಪ್ರ (ಸೈಪ್ರಸ್) ದ್ವೀಪದ ಯೋಸೇಫ ಅಂತ ಒಬ್ಬ ಬರುತ್ತಾನೆ. ಅವನಿಗೆ ಬಾರ್ನಬ, ಅಂದರೆ ಧೈರ್ಯ ಹೇಳುವವನು, ಅಂತ ಹೆಸರಿಟ್ಟದ್ದು ಅಪೊಸ್ತಲರು. ಅವನೇ ಇಟ್ಟುಕೊಂಡದ್ದಲ್ಲ. ಎಲ್ಲರೂ ಸೌಲನಿಗೆ, ಅಂದರೆ ಮುಂದೆ ಪೌಲ ಅನಿಸಿಕೊಂಡವನಿಗೆ, ಹೆದರುತ್ತಿದ್ದಾಗ ಕೈ ಹಿಡಿದು ಒಳಗೆ ಕರೆತಂದದ್ದೂ ಅವನೇ. ನಾನು 22ರ ಹುಡುಗನಾಗಿದ್ದಾಗ ಪ್ರಸಂಗ ಮಾಡುವುದೇ ನನ್ನ ವರ ಅಂತ ಗಟ್ಟಿಯಾಗಿ ನಂಬಿದ್ದೆ. ಸಭೆಯ ಲೆಕ್ಕ ನೋಡುತ್ತಿದ್ದ ಹಿರಿಯರೊಬ್ಬರು, “ನೀನು ಮೀಟಿಂಗಿನ ವರದಿ ಚೆನ್ನಾಗಿ ಬರೀತೀಯಪ್ಪ, ಅದನ್ನೇ ಮಾಡು” ಅಂದರು. ಇವತ್ತು ನಿಮಗೆ ಈ ಉತ್ತರ ಬರೆಯುತ್ತಿರುವುದು ಅವರ ಆ ಒಂದು ಮಾತಿನಿಂದ.

ಪಂಡಿತಾ ರಮಾಬಾಯಿಯನ್ನೂ ನೆನೆಯದೆ ಇರಲಾರೆ. 1858ರಲ್ಲಿ ನಮ್ಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು, 1889ರಲ್ಲಿ ಇದೇ ಮುಂಬಯಿಯಲ್ಲಿ ಶಾರದಾ ಸದನ ತೆರೆದವರು. ಮುಂದೆ ಪುಣೆಯ ಹತ್ತಿರ ಕೇಡಗಾಂವದ ತಮ್ಮ ‘ಮುಕ್ತಿ’ ಆಶ್ರಮದಲ್ಲಿ, ಬರದಿಂದ ಬಂದ ನೂರಾರು ಹೆಣ್ಣುಮಕ್ಕಳನ್ನು ಸಾಕಿದರು. 1905ರಲ್ಲಿ ಅಲ್ಲಿ ನಡೆದ ಉಜ್ಜೀವನವನ್ನು, ಅಂದರೆ ಭಕ್ತಿಯ ದೊಡ್ಡ ಎಚ್ಚರವನ್ನು, ಎಲ್ಲರೂ ಹೇಳುತ್ತಾರೆ. ಅದೇ ಅಂಗಳದಲ್ಲಿ ಮಗ್ಗ ಇತ್ತು, ಎಣ್ಣೆ ಗಾಣ ಇತ್ತು, ಹೆಣ್ಣುಮಕ್ಕಳೇ ನಡೆಸುವ ಅಚ್ಚುಕೂಟ ಇತ್ತು. ಅದನ್ನು ಯಾವ ಕೂಟದಲ್ಲೂ ಹೇಳುವುದನ್ನು ನಾನು ಕೇಳಿಲ್ಲ.

ಈಗ ನೋಡಿ, ಸ್ಟೇಷನ್ ಪಕ್ಕದ ಗೋಡೆಗಳಲ್ಲಿ ಹೆಸರಿನ ಮುಂದೆ ‘ಪ್ರವಾದಿ’, ‘ಅಪೊಸ್ತಲ’ ಅಂತ ಹಾಕಿಕೊಂಡ ಪೋಸ್ಟರ್‌ಗಳು. ಮೈಕ್ ಹಿಡಿದವರಿಗೆ ಶಾಲು, ಹಾರ. ಇನ್ನೂರು ಜನಕ್ಕೆ ಅನ್ನ ಬೇಯಿಸಿದ ತಾಯಂದಿರಿಗೆ ಕೊನೆಯಲ್ಲಿ ಒಂದು ‘ಥ್ಯಾಂಕ್ಸ್’, ಅದೂ ಅವರು ಒಳಗೆ ಪಾತ್ರೆ ತೊಳೆಯುವಾಗ. ಇದು ನನಗೆ ತುಂಬಾ ನೋವು ಕೊಡುತ್ತದೆ.

ಅದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿದೆ. ನಮ್ಮ ಮಕ್ಕಳು ಕನ್ನಡ ಕೀರ್ತನೆಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಹಾಡುತ್ತಾರೆ, ಮನೆಯಲ್ಲಿ ಹಿಂದಿ ಮಾತಾಡುತ್ತಾರೆ. ಅನ್ಯಭಾಷೆಯ ವರಕ್ಕಾಗಿ ರಾತ್ರಿಯೆಲ್ಲ ಪ್ರಾರ್ಥಿಸುವ ಸಭೆ, ಸ್ವಂತ ಭಾಷೆಯನ್ನು ಮಕ್ಕಳಿಗೆ ಕಲಿಸಲು ವಾರಕ್ಕೆ ಒಂದು ಗಂಟೆ ಕೊಡುವುದಿಲ್ಲ. ಇನ್ನು 20 ವರ್ಷಕ್ಕೆ ಯಾದಗಿರಿಯ ಅಜ್ಜಿ ಪರೇಲಿಗೆ ಬಂದು ನಿಂತರೆ, ಡಾಕ್ಟರ ಮಾತಿಗೆ ಕನ್ನಡದಲ್ಲಿ ಅರ್ಥ ಹೇಳುವವರು ಯಾರು, ಅಕ್ಕ?

ಅದಕ್ಕೇ ಒಂದು ಕೆಲಸ ಮಾಡಿ. ಮುಂದಿನ ಗುರುವಾರ ಸಂಡೇ ಸ್ಕೂಲಿನ ದೊಡ್ಡ ಹುಡುಗಿಯರಲ್ಲಿ ಇಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಸುಮ್ನೆ ನಿಂತು ನೋಡಲಿ, ಸಾಕು. ಮತ್ತೆ ಬಯಾಪ್ಸಿ, ಕೀಮೋ, ರೇಡಿಯೇಷನ್ ಅಂದರೆ ಏನು ಅಂತ ಹಳ್ಳಿಯವರಿಗೆ ನೀವು ಯಾವ ಮಾತಿನಲ್ಲಿ ಹೇಳುತ್ತೀರೋ ಅದನ್ನು ಹಾಗೇ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ನಿಮಗೆ ಎರಡು ಪುಟ ಬಿಟ್ಟಿರುತ್ತೇನೆ. 20ನೇ ತಾರೀಕಿನೊಳಗೆ ಬಂದರೆ ಒಳ್ಳೆಯದು.

ಸಂಪಾದಕ