ಟ್ರಾನ್ಸ್‌ಪೋರ್ಟೇಶನ್‌ನಲ್ಲಿ ಎಂ.ಟೆಕ್ ಮಾಡಿ ಲೇಔಟ್ ಫೈಲ್ ನೋಡುವ ಕೆಲಸಕ್ಕೆ ಸೇರಬಹುದಾ?

ಬೆಂಗಳೂರಿಗೆ ಹೋಗಿ ಕನ್ಸಲ್ಟೆನ್ಸಿಯಲ್ಲಿ ಫ್ಲೈಓವರ್ ಡಿಸೈನ್ ಮಾಡಲಾ, ಇಲ್ಲ ಹುಬ್ಬಳ್ಳಿ ಕಡೆಯೇ ಇದ್ದು ಲೇಔಟ್, ಕಾಂಪ್ಲೆಕ್ಸ್, ಕಲ್ಯಾಣ ಮಂಟಪಗಳ ಪ್ಲಾನ್‌ಗೆ ಟ್ರಾಫಿಕ್ ಅಭಿಪ್ರಾಯ ಬರೆಯುವ ಕೆಲಸಕ್ಕೆ ಸೇರಲಾ ಅಂತ ಕೇಳಿದ್ದೀರಿ. ಎರಡನೆಯದು ಬರೀ ಸಹಿ ಹಾಕುವ ಕೆಲಸ, ಕಲಿತದ್ದೆಲ್ಲ ತುಕ್ಕು ಹಿಡಿಯುತ್ತೆ ಅಂತ ಗೆಳೆಯರು ಹೆದರಿಸಿದ್ದಾರೆ. ನನಗೂ ಇದನ್ನೇ ಹೇಳಿದ್ದರು. ನಾನೂ ಅದನ್ನು ನಂಬಿಕೊಂಡೇ ಸೇರಿದೆ, ಹಾಗೆ ನಂಬಿದ್ದಕ್ಕೇ ಒಂದು ಫೈಲ್‌ನಲ್ಲಿ ಎಡವಿದೆ.

ನಾನು ಕೆಲಸ ಮಾಡಿದ ಕಚೇರಿ ಈ ಭಾಗದ್ದೇ, ಹೆಸರು ಬೇಡ. ಟ್ರಾಫಿಕ್ ಇಂಜಿನಿಯರ್ ಅನ್ನೋ ಕುರ್ಚಿಯೇ ಅಲ್ಲಿರಲಿಲ್ಲ. ನಾನು ಸಿವಿಲ್ ಇಂಜಿನಿಯರ್. ನಗರ ಯೋಜನೆಯವರ ಫೈಲ್ ಸುತ್ತಿ ಬಂದಾಗ ರಸ್ತೆ, ಗೇಟ್, ಪಾರ್ಕಿಂಗ್ ನೋಡಿ ಎರಡು ಸಾಲು ಬರೆದು ಮುಂದಕ್ಕೆ ಕಳಿಸಬೇಕು. ಎರಡು ಸಾಲಲ್ವಾ, ಅದರಲ್ಲೇನು ಅಂತ ಅನಿಸುತ್ತೆ.

ಒಂದು ಕಲ್ಯಾಣ ಮಂಟಪದ ಫೈಲ್ ಬಂತು. ನಕ್ಷೆ ಚೆನ್ನಾಗಿತ್ತು. ಒಳಗೆ 90 ಕಾರು ನಿಲ್ಲಲು ಜಾಗ, ನಿಯಮಕ್ಕೆ ಬೇಕಾದ್ದಕ್ಕಿಂತ ಜಾಸ್ತಿಯೇ. ಮುಂದಿನ ರಸ್ತೆ ಅಗಲ ಇತ್ತು. ಗೇಟ್ ಕೂಡುರಸ್ತೆಯಿಂದ ದೂರ ಇತ್ತು. ನಾನು ಕಾರು ನಿಲ್ಲುವ ಚೌಕಗಳನ್ನು ಒಂದೊಂದಾಗಿ ಎಣಿಸಿ, ಅಳತೆ ನೋಡಿ, "ಸಂಚಾರದ ದೃಷ್ಟಿಯಿಂದ ಆಕ್ಷೇಪಣೆ ಇಲ್ಲ" ಅಂತ ಬರೆದೆ. ಎಣಿಸಿದ್ದು ಸರಿಯಾಗೇ ಇತ್ತು. ಆದರೆ ನೋಡಬೇಕಾಗಿದ್ದು ಅದಲ್ಲ.

ಮಂಟಪ ಎದ್ದು ನಿಂತು ಮೊದಲ ವೈಶಾಖ ಬಂತು. ಅಕ್ಕಪಕ್ಕದ ಮನೆಯವರು ಅರ್ಜಿ ಹಿಡಿದು ಬಂದರು. ಮುಹೂರ್ತ ಇದ್ದ ದಿನ ಮನೆಯಿಂದ ಗಾಡಿ ಹೊರಗೆ ತೆಗೆಯೋಕೆ ಆಗಲ್ಲ, ಸಿಟಿ ಬಸ್ ಅಲ್ಲೇ ನಿಂತುಬಿಡುತ್ತೆ ಅಂದರು. ನಾನು ಹೋಗಿ ಗೇಟ್ ಪಕ್ಕ ನಿಂತೆ. ರಸ್ತೆ ಮೇಲೆ ಕಾರಿನ ಸಾಲು ಕಣ್ಣು ಹಾಯಿಸಿದಷ್ಟು ದೂರ. ಒಳಗೆ ನೋಡಿದರೆ ಹಿಂಭಾಗ ಅರ್ಧಕ್ಕರ್ಧ ಖಾಲಿ! ವಾಚ್‌ಮನ್ ನನಗೇ ಹೇಳಿದ: "ಒಳಗ ಜಾಗಾ ಬೇಕಾದಷ್ಟ ಐತ್ರಿ ಸಾಹೇಬ್ರ, ಗಾಡಿ ಒಳಗ ಬರವಲ್ವು."

ಯಾಕೆ ಬರ್ತಿಲ್ಲ ಅಂತ ನೋಡುತ್ತಾ ನಿಂತೆ. ಗೇಟ್ ದಾಟಿದ ಕೂಡಲೇ ಮಂಟಪದ ಪೋರ್ಚ್. ಒಂದು ಕಾರು ಬಂದು ಪೋರ್ಚ್ ಕೆಳಗೆ ನಿಲ್ಲುತ್ತೆ. ಮುಂದಿನ ಬಾಗಿಲಿನಿಂದ ಅಜ್ಜಿ ಇಳಿಯಬೇಕು, ಮೊಣಕಾಲು ನೋವು, ಮೊಮ್ಮಗ ಕೈ ಹಿಡಿಯುತ್ತಾನೆ. ಡಿಕ್ಕಿ ತೆಗೆದು ಆಹೇರದ ಚೀಲ ಇಳಿಸುತ್ತಾರೆ. ಅಷ್ಟರಲ್ಲಿ ಬೀಗರು ಕಂಡರೆ ಎರಡು ಮಾತು. ಅರ್ಧ ನಿಮಿಷ. ಪೋರ್ಚ್ ಕೆಳಗೆ ಒಂದೇ ಕಾರಿನ ದಾರಿ, ಹಿಂದಿನವನು ಪಕ್ಕದಿಂದ ದಾಟಿ ಹೋಗೋ ಹಾಗಿಲ್ಲ. ಅವನ ಹಿಂದೆ ಇನ್ನೊಬ್ಬ, ಅಲ್ಲಿಗೆ ಗೇಟ್ ಮುಚ್ಚಿದ ಹಾಗೆ.

ಈಗ ಲೆಕ್ಕ ಹಾಕಿ. ಮದುವೆಗೆ ಜನ ದಿನವಿಡೀ ಹರಿದು ಬರಲ್ಲ, ಅಕ್ಕಿಕಾಳು ಬೀಳುವ ಮುಂಚಿನ ಅರ್ಧ ಗಂಟೆಯಲ್ಲಿ ಬರ್ತಾರೆ. ಆ ಅರ್ಧ ಗಂಟೆಯಲ್ಲಿ 90 ಕಾರು ಅಂದರೆ ನಿಮಿಷಕ್ಕೆ 3. ಒಂದು ಕಾರಿಗೆ ಅರ್ಧ ನಿಮಿಷ ಹಿಡಿದರೆ ಪೋರ್ಚ್ ದಾಟುವುದು ನಿಮಿಷಕ್ಕೆ 2. ಪ್ರತಿ ನಿಮಿಷ ಒಂದು ಕಾರು ಹೊರಗೆ ಉಳಿಯಿತು. ಅರ್ಧ ಗಂಟೆಗೆ 30 ಕಾರು. ಸಾಲಿನಲ್ಲಿ ಒಂದು ಕಾರಿಗೆ 6 ಮೀಟರ್ ಹಿಡಿದರೆ 180 ಮೀಟರ್ ರಸ್ತೆ ಹೋಯಿತು, ಅದೇ ಹೊತ್ತಿಗೆ ಒಳಗೆ 30 ಜಾಗ ಖಾಲಿ ಬಿದ್ದಿವೆ. ಪಾರ್ಕಿಂಗ್ ಜಾಸ್ತಿ ಕೊಡಿಸಿದ್ದರೂ ಒಂದು ಮೀಟರ್ ಕೂಡ ಕಡಿಮೆ ಆಗ್ತಿರಲಿಲ್ಲ. ತೊಂದರೆ ಇದ್ದದ್ದು ಗೇಟಿನಿಂದ ಪೋರ್ಚ್‌ವರೆಗಿನ ಆ ಸಣ್ಣ ದಾರಿಯಲ್ಲಿ. ನಕ್ಷೆಯಲ್ಲಿ ಅದಕ್ಕೆ ಹೆಸರಿಲ್ಲ, ನಿಯಮದ ಪಟ್ಟಿಯಲ್ಲೂ ಅದಕ್ಕೊಂದು ಸಾಲು ಇರಲಿಲ್ಲ, ಹಾಗಾಗಿ ನಾನೂ ನೋಡಲಿಲ್ಲ.

ಆ ಸೈಟ್ ಉದ್ದಕ್ಕೆ ಬೇಕಾದಷ್ಟಿತ್ತು. ಪೋರ್ಚನ್ನು ಪಕ್ಕದ ಗೋಡೆಗೆ ತಿರುಗಿಸಿ ಹಿಂದಕ್ಕೆ ಒಯ್ದಿದ್ದರೆ ಹತ್ತಿಪ್ಪತ್ತು ಕಾರು ಒಳಗೇ ಸಾಲು ನಿಲ್ತಿದ್ದವು. ಇಳಿಸುವ ಕಡೆ ದಾರಿಯನ್ನು ಎರಡು ಕಾರಿನ ಅಗಲ ಮಾಡಿಸಿ, ಒಟ್ಟಿಗೆ ಎರಡು ಕಾರು ಇಳಿಸುವ ಹಾಗೆ ಮಾಡಿದ್ದರೆ ನಿಮಿಷಕ್ಕೆ 4 ದಾಟುತ್ತಿದ್ದವು, ಸಾಲೇ ಬೆಳೀತಿರಲಿಲ್ಲ. ನಕ್ಷೆ ಮೇಜಿನ ಮೇಲಿದ್ದಾಗ ಇದಕ್ಕೆ ಮಾಲೀಕರಿಗೆ ಹೆಚ್ಚು ಖರ್ಚೂ ಆಗ್ತಿರಲಿಲ್ಲ. ಕಾಂಕ್ರೀಟ್ ಆದ ಮೇಲೆ ಯಾರು ಒಡೀತಾರೆ?

ಇದಕ್ಕೆ ನನಗೊಂದು ನೋಟಿಸ್ ಬಂತು, ಉತ್ತರ ಕೊಟ್ಟೆ, ಅದು ಮುಗಿಯಿತು. ನಿಜವಾದ ಪೆಟ್ಟು ಬೇರೆ. ಆಮೇಲೆ ನಾನು ಯಾವ ಫೈಲ್‌ಗೆ ಆಕ್ಷೇಪಣೆ ಬರೆದರೂ ಎದುರು ಕೂತ ಆರ್ಕಿಟೆಕ್ಟ್ "ಸರ್, ಆ ಮಂಟಪಕ್ಕ ನೀವ ಬರದು ಕೊಟ್ಟೀರಲ್ರಿ" ಅಂತಿದ್ದರು. ಸರಿಯಾಗಿ ಬರೆದ ಆಕ್ಷೇಪಣೆಗಳೂ ಅದೊಂದು ಮಾತಿಗೆ ಬಿದ್ದುಹೋದವು. ಎಷ್ಟೋ ಕಾಲ ನನ್ನ ಮಾತಿಗೆ ತೂಕ ಬರಲಿಲ್ಲ. ಅದರಿಂದ ಒಪ್ಪಿಗೆ ಸಿಕ್ಕಿಬಿಟ್ಟ ಒಂದೆರಡು ಗೇಟುಗಳನ್ನು ಈಗಲೂ ದಾಟಿ ಹೋಗುವಾಗ ಬೇಜಾರಾಗುತ್ತೆ.

ಇಷ್ಟು ಹೇಳಿದ್ದು ಯಾಕೆಂದರೆ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪಲ್ಲ. ಡಿಸೈನ್ ಮಾಡುವವನು ಇಂಜಿನಿಯರ್, ನೋಡುವವನು ಗುಮಾಸ್ತ ಅನ್ನೋದು ತಪ್ಪು. ಕನ್ಸಲ್ಟೆನ್ಸಿಯಲ್ಲಿ ನೀವು ಮಾಡಿದ ಡಿಸೈನನ್ನು ಮೇಲಿನವರು ನಾಲ್ಕು ಸಲ ತಿದ್ದುತ್ತಾರೆ. ಇಲ್ಲಿ ನಿಮ್ಮ ಎರಡು ಸಾಲು ಆದ ಮೇಲೆ ಗೇಟ್ ಬಗ್ಗೆ ಕೇಳುವವರೇ ಇಲ್ಲ. ಅದು ಐವತ್ತು ವರ್ಷ ಅಲ್ಲೇ ಇರುತ್ತೆ.

ತುಕ್ಕು ಹಿಡಿಯುತ್ತೆ ಅಂದವರಿಗೆ ಒಂದು ಟ್ರಾಫಿಕ್ ವರದಿ ಓದಿಸಿ. ದೊಡ್ಡ ಯೋಜನೆಗಳ ಜೊತೆ ದಪ್ಪ ವರದಿ ಬರುತ್ತೆ, ಕೊನೆಯಲ್ಲಿ ರಸ್ತೆಗೆ ಇನ್ನೂ ಸಾಮರ್ಥ್ಯ ಇದೆ ಅಂತ ಇರುತ್ತೆ. ಐಆರ್‌ಸಿ 106 ತೆಗೆದು ಪಕ್ಕಕ್ಕಿಟ್ಟುಕೊಳ್ಳಿ, ನಗರದ ರಸ್ತೆಗಳ ಸಾಮರ್ಥ್ಯಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಬರೆದ ಮಾರ್ಗಸೂಚಿ, 1990ರದ್ದು. ಎರಡು ಲೇನಿನ, ಎರಡೂ ಕಡೆ ಓಡುವ ರಸ್ತೆಗೆ ಅದರಲ್ಲಿ ಗಂಟೆಗೆ 1500 ಪಿಸಿಯು ಇದೆ (ಎಲ್ಲ ಗಾಡಿಗಳನ್ನೂ ಕಾರಿನ ಲೆಕ್ಕಕ್ಕೆ ತಂದ ಅಳತೆ, ಒಂದು ಕಾರು ಅಂದರೆ 1), ಆದರೆ ಅದು ಯಾರೂ ಗಾಡಿ ನಿಲ್ಲಿಸದ, ಮನೆ ಅಂಗಡಿಗಳ ಬಾಗಿಲು ರಸ್ತೆಗೆ ತೆರೆಯದ ಮುಖ್ಯ ರಸ್ತೆಗೆ. ಅಂಗಡಿ ಮುಂದೆ ಗಾಡಿ ನಿಲ್ಲುವ ರಸ್ತೆಗೆ 900 ಅಷ್ಟೇ. ವರದಿಯವರು ಯಾವುದನ್ನು ಹಿಡಿದಿದ್ದಾರೆ ನೋಡಿ. ಬೈಕ್ ಲೆಕ್ಕವೂ ಹಾಗೇ. ಒಟ್ಟು ವಾಹನಗಳಲ್ಲಿ ಬೈಕ್ 5 ಶೇಕಡಾ ಇದ್ದರೆ ಒಂದು ಬೈಕ್ 0.5, 10 ಶೇಕಡಾ ದಾಟಿದರೆ 0.75. ನಮ್ಮೂರಲ್ಲಿ ಬೈಕ್ 10 ಶೇಕಡಾಕ್ಕಿಂತ ಕಡಿಮೆ ಇರುವ ರಸ್ತೆ ಯಾವುದಿದೆ? ಆದರೂ 0.5 ಹಾಕಿದ ವರದಿ ಬರುತ್ತೆ.

ಮುಖ್ಯವಾಗಿ, ಎಣಿಸಿದ ದಿನ ನೋಡಿ. ಮಂಟಪದ ರಸ್ತೆಯನ್ನು ಆಷಾಢದಲ್ಲಿ ಎಣಿಸಿದ್ದರೆ ಆ ಕಾಗದಕ್ಕೆ ಬೆಲೆ ಇಲ್ಲ, ಆಷಾಢದಲ್ಲಿ ಮದುವೆಯೇ ಇಲ್ವಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆ ಸೋಮವಾರ, ಗುರುವಾರ. ಅಲ್ಲಿ ಬುಧವಾರ ಎಣಿಸಿ ತಂದರೆ ಲಾರಿಗಳೇ ಲೆಕ್ಕಕ್ಕೆ ಸಿಗಲ್ಲ. ಇದನ್ನು ಬೆಂಗಳೂರಿನಲ್ಲಿ ಕೂತು ವರದಿ ಬರೆಯುವವರು ಹಿಡಿಯಲ್ಲ. ನೀವು ಈ ಕಡೆಯವರು, ನೀವು ಹಿಡೀತೀರಿ.

ಲೇಔಟ್‌ಗಳ ಕತೆ ಇನ್ನೂ ದೊಡ್ಡದು. ಪಕ್ಕಪಕ್ಕದ ಸರ್ವೆ ನಂಬರ್, ಇಬ್ಬರು ಮಾಲೀಕರು, ಎರಡು ಎನ್‌ಎ (ಕೃಷಿಯೇತರ) ಲೇಔಟ್. ಇವನ ರಸ್ತೆ ಅವನ ಕಾಂಪೌಂಡ್‌ಗೆ ಬಂದು ನಿಲ್ಲುತ್ತೆ, ಅವನದು ಇವನ ಪ್ಲಾಟ್ ಬೆನ್ನಿಗೆ. ಗೋಡೆಯಾಚೆಯ ಮನೆಗೆ ಹೋಗಬೇಕಾದರೂ ಮುಖ್ಯ ರಸ್ತೆಗೆ ಬಂದು ಸುತ್ತಬೇಕು. ನಿಮ್ಮ ಫೈಲ್‌ನಲ್ಲಿ ಒಂದೇ ಲೇಔಟ್ ಕಾಣುತ್ತೆ, ಆದ್ದರಿಂದ ಪಕ್ಕದ ಸರ್ವೆ ನಂಬರ್‌ನ ನಕ್ಷೆ ತರಿಸದೆ ಬರೆಯಬೇಡಿ. ಪಕ್ಕದಲ್ಲಿ ಇನ್ನೂ ಹತ್ತಿ ಹೊಲ ಇದ್ದರೂ, ರಸ್ತೆ ಗಡಿಯವರೆಗೆ ಬಿಡಬೇಕು, ಕೊನೆಯಲ್ಲಿ ಪ್ಲಾಟ್ ಹಾಕಬಾರದು ಅಂತ ಈಗಲೇ ಬರೆಯಿರಿ.

ಹುಬ್ಬಳ್ಳಿ–ಧಾರವಾಡ ರಸ್ತೆಗೆ ಮುಖ ಮಾಡಿದ ಫೈಲ್ ಬಂದರೆ ಇನ್ನೂ ಹುಷಾರು. ಚಿಗರಿ ಅನ್ನೋ ಬಿಆರ್‌ಟಿಎಸ್ ಬಸ್ಸಿನ ಪ್ರತ್ಯೇಕ ದಾರಿ ರಸ್ತೆ ನಡುವೆ ಇದೆ, ಬೇಕೆಂದ ಕಡೆ ಬಲಕ್ಕೆ ತಿರುಗೋಕೆ ಆಗಲ್ಲ. ನಕ್ಷೆಯಲ್ಲಿ "ಎಡಕ್ಕೆ ಒಳಗೆ, ಎಡಕ್ಕೆ ಹೊರಗೆ" ಅಂತ ಬಾಣ ಹಾಕಿರ್ತಾರೆ. ಯು-ಟರ್ನ್ ದೂರ ಇದ್ದರೆ ಬೈಕಿನವರು ಸುತ್ತಿ ಬರಲ್ಲ, ರಾಂಗ್ ಸೈಡಿನಲ್ಲಿ ಬರ್ತಾರೆ. ನಡು ನಿಲ್ದಾಣದಿಂದ ಇಳಿದವರು ಕಾರು, ಲಾರಿ ಓಡುವ ಲೇನ್ ದಾಟಿ ಆ ಗೇಟಿಗೆ ಬರಬೇಕು. ಬಾಣ ನೋಡಿ ಒಪ್ಪಬೇಡಿ, ಅಲ್ಲಿ ಹೋಗಿ ಜನ ಹೇಗೆ ಬರ್ತಾರೆ ನೋಡಿ.

ರಾಜಕೀಯ ಒತ್ತಡ ಬರುತ್ತಾ ಅಂತಲೂ ಕೇಳಿದ್ದೀರಿ. ಫೋನ್ ಬರುತ್ತೆ, ಸುಳ್ಳು ಹೇಳಲ್ಲ. ಆದರೆ ನನ್ನ ಅನುಭವದಲ್ಲಿ ಒತ್ತಡಕ್ಕಿಂತ ಹೆಚ್ಚು ಹಾಳು ಮಾಡಿದ್ದು ಅಸ್ಪಷ್ಟ ಬರವಣಿಗೆ. "ಸುರಕ್ಷತೆಗೆ ಸೂಕ್ತ ಕ್ರಮ ಕೈಗೊಳ್ಳುವುದು" ಅಂತ ಬರೆದರೆ ಯಾರೂ ಏನೂ ಮಾಡಲ್ಲ, ಅದನ್ನು ತೆಗೆಸೋಕೆ ಫೋನ್ ಕೂಡ ಬೇಕಾಗಿಲ್ಲ. "ಪೋರ್ಚ್ ಗೇಟಿನಿಂದ 40 ಮೀಟರ್ ಒಳಗಿರಬೇಕು, ಪಕ್ಕದಲ್ಲಿ ದಾಟಿ ಹೋಗಲು ಇನ್ನೊಂದು ಲೇನ್ ಇರಬೇಕು, ಗೇಟಿನ ಮುಂದೆ ಫುಟ್‌ಪಾತ್ 1.8 ಮೀಟರ್ ಅಗಲ ಉಳಿಯಬೇಕು, ಇಳಿಜಾರಿಗಾಗಿ ಅದನ್ನು ಕತ್ತರಿಸಬಾರದು" ಅಂತ ಅಳತೆ, ಕಾರಣ ಎರಡನ್ನೂ ಬರೆಯಿರಿ. ಅದನ್ನು ದಾಟಿ ಸಹಿ ಮಾಡಬೇಕಾದರೆ ಮೇಲಿನವರು ತಮ್ಮ ಹೆಸರಲ್ಲಿ ಕಾರಣ ಬರೆಯಬೇಕಾಗುತ್ತೆ. ನಾನು ನೋಡಿದ ಮಟ್ಟಿಗೆ ಹಾಗೆ ಬರೆಯಲು ಮುಂದೆ ಬಂದವರು ಕಡಿಮೆ.

ಸಂಬಳ ಬೆಂಗಳೂರಿನಲ್ಲೇ ಜಾಸ್ತಿ, ಅದರಲ್ಲಿ ಎರಡು ಮಾತಿಲ್ಲ. ಮನೆಯಲ್ಲಿ ಸಾಲ ಇದ್ದರೆ ಅಲ್ಲಿಗೆ ಹೋಗಿ, ಯಾರೂ ತಪ್ಪು ಅನ್ನಲ್ಲ. ಹಾಗೇನಿಲ್ಲದಿದ್ದರೆ ಇಲ್ಲಿಗೇ ಸೇರಿ. ಸೇರುವ ಮುಂಚೆ ಒಂದೇ ಒಂದು ಕೇಳಿಕೊಳ್ಳಿ: ಅಭಿಪ್ರಾಯ ಬರೆಯುವ ಮೊದಲು ಜಾಗಕ್ಕೆ ಹೋಗಿ ನೋಡಲು ಸಮಯ, ಗಾಡಿ ಕೊಡ್ತಾರಾ? ಕೂತಲ್ಲೇ ನಕ್ಷೆ ನೋಡಿ ಬರೆದುಕೊಡಿ ಅಂದರೆ ಆ ಕೆಲಸ ಬೇಡ, ಆಗ ನಿಮ್ಮ ಗೆಳೆಯರು ಹೇಳಿದ್ದೇ ಸರಿ.